ಆಲೂಗಡ್ಡೆ ಹೊಲದಲ್ಲಿ ಬೆಳೆದ ಮಧ್ಯಮ ವರ್ಗ

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾದಾಗ ಅಮೆರಿಕದ ಸೇನೆಯಲ್ಲಿ ಸುಮಾರು 1.2 ಕೋಟಿ ಜನರಿದ್ದರು. ಮುಂದಿನ ಎರಡು ವರ್ಷಗಳಲ್ಲಿ ಅವರಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಸಮವಸ್ತ್ರ ಕಳಚಿ ಊರಿಗೆ ಮರಳಿದರು. ಅದೇ ಹೊತ್ತಿಗೆ ಸರ್ಕಾರ ವಿಮಾನ, ಟ್ಯಾಂಕ್, ಹಡಗುಗಳ ಗುತ್ತಿಗೆಗಳನ್ನು ಸಾಲುಸಾಲಾಗಿ ರದ್ದು ಮಾಡಿತು. 1945ರ ಹಣಕಾಸು ವರ್ಷದಲ್ಲಿ 9,200 ಕೋಟಿ ಡಾಲರ್ ದಾಟಿದ್ದ ಕೇಂದ್ರ ಸರ್ಕಾರದ ಖರ್ಚು 1947ರ ಹೊತ್ತಿಗೆ 3,500 ಕೋಟಿಯ ಆಸುಪಾಸಿಗೆ ಇಳಿಯಿತು. ಕಾರ್ಖಾನೆಗಳ ಅತಿ ದೊಡ್ಡ ಗಿರಾಕಿ ಕೈಬಿಟ್ಟು ನಡೆದಿದ್ದ; ಕೆಲಸ ಕೇಳುವವರು ಮಾತ್ರ ಹಡಗುಗಟ್ಟಲೆ ಬಂದಿಳಿಯುತ್ತಿದ್ದರು.

ಮುಂದೇನಾಗುತ್ತದೆ ಎಂಬ ಬಗ್ಗೆ ಆಗಿನ ಬಹಳಷ್ಟು ಅಮೆರಿಕನ್ನರಿಗೆ ಅನುಮಾನವೇ ಇರಲಿಲ್ಲ. ಮಹಾ ಆರ್ಥಿಕ ಕುಸಿತದ ನೆನಪು ಇನ್ನೂ ಹಸಿಯಾಗಿತ್ತು. 1933ರಲ್ಲಿ ನಾಲ್ವರು ದುಡಿಯುವವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. 1940ರಲ್ಲೂ ನಿರುದ್ಯೋಗ ಶೇ 14ಕ್ಕಿಂತ ಹೆಚ್ಚಿತ್ತು. ಅದನ್ನು ಶೇ 1ರ ಹತ್ತಿರಕ್ಕೆ ತಂದದ್ದು ಯುದ್ಧ. ಹಾಗಾದರೆ ಯುದ್ಧ ಮುಗಿದ ಮೇಲೆ? ಮುಂದಿನ ವಸಂತದ ವೇಳೆಗೆ 80 ಲಕ್ಷ ಜನ ನಿರುದ್ಯೋಗಿಗಳಾಗಬಹುದು ಎಂದು ಸರ್ಕಾರದ ಅಧಿಕಾರಿಗಳೇ ಅಂದಾಜು ಮಾಡಿದ್ದರು.

ಆ ಅಂದಾಜು ಸುಳ್ಳಾಯಿತು. 1946ರಲ್ಲಿ ನಿರುದ್ಯೋಗ ಶೇ 4ರ ಒಳಗೇ ಉಳಿಯಿತು. ನಂತರದ ಕಾಲು ಶತಮಾನ ಅಮೆರಿಕದ ಸಾಮಾನ್ಯ ಕುಟುಂಬಗಳು ಹಿಂದೆಂದೂ ಕಾಣದಷ್ಟು ಏಳಿಗೆ ಕಂಡವು. ಯಾಕೆ ಹೀಗಾಯಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಮೊದಲನೆಯದು ಕೂಡಿಟ್ಟ ಹಣ. ಯುದ್ಧದ ವರ್ಷಗಳಲ್ಲಿ ಸಂಬಳ ಚೆನ್ನಾಗಿತ್ತು, ಕೊಳ್ಳಲು ವಸ್ತುಗಳಿರಲಿಲ್ಲ. 1942ರ ಫೆಬ್ರುವರಿಯಿಂದ ಯುದ್ಧ ಮುಗಿಯುವವರೆಗೆ ಜನಸಾಮಾನ್ಯರಿಗಾಗಿ ಹೊಸ ಕಾರು ತಯಾರಾಗಲೇ ಇಲ್ಲ. ಸುಮಾರು 8.5 ಕೋಟಿ ಅಮೆರಿಕನ್ನರು ಯುದ್ಧದ ಬಾಂಡ್ ಕೊಂಡಿದ್ದರು. ಒಟ್ಟು ಮೊತ್ತ 18,500 ಕೋಟಿ ಡಾಲರ್. ಎರಡನೆಯದು, ಜಗತ್ತಿನ ಉಳಿದ ಕೈಗಾರಿಕಾ ದೇಶಗಳು ನೆಲಸಮವಾಗಿದ್ದವು, ಅಮೆರಿಕಕ್ಕೆ ಪೈಪೋಟಿಯೇ ಇರಲಿಲ್ಲ.

ಎರಡೂ ನಿಜ. ಆದರೆ ಎರಡೂ ಸಾಲದು. ಕೂಡಿಟ್ಟ ಹಣ ಕೆಲವು ವರ್ಷಗಳಲ್ಲಿ ಖರ್ಚಾಗುತ್ತದೆ. ರಫ್ತು ಆಗಿನ ಅಮೆರಿಕದ ಒಟ್ಟು ಉತ್ಪಾದನೆಯಲ್ಲಿ ಸಣ್ಣ ಪಾಲು. ಅಲ್ಲಿ ತಯಾರಾದುದನ್ನು ಬಹುಪಾಲು ಅಲ್ಲಿನವರೇ ಕೊಂಡರು. ಅಷ್ಟು ಕಾಲ, ಅಷ್ಟು ಜನ, ಅಷ್ಟೊಂದು ಕೊಳ್ಳಲು ಶಕ್ತರಾದದ್ದು ಹೇಗೆ ಎಂಬುದಕ್ಕೆ ನನ್ನ ಉತ್ತರ ಬೇರೆ. ಸರ್ಕಾರ ಸಾಮಾನ್ಯ ನಾಗರಿಕನ ಸಾಲಪತ್ರಕ್ಕೆ ಜಾಮೀನುದಾರನಾಗಿ ರುಜು ಹಾಕಿತು. ಯುದ್ಧಾನಂತರದ ಅಮೆರಿಕದ ವೈಭವವನ್ನೂ, ಅದರೊಳಗಿನ ಘೋರ ಅನ್ಯಾಯವನ್ನೂ ಅರ್ಥ ಮಾಡಿಕೊಳ್ಳಬೇಕಾದರೆ ಆ ರುಜು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ನೋಡಬೇಕು.

ಕೆಟ್ಟ ವರ್ಷ

ಏಳಿಗೆ ತಾನಾಗಿಯೇ ಬಂತು ಎಂದು ಹೇಳುವವರು 1946ನೇ ಇಸವಿಯನ್ನು ಮರೆತುಬಿಡುತ್ತಾರೆ. ಅದು ನೆಮ್ಮದಿಯ ವರ್ಷವಾಗಿರಲಿಲ್ಲ.

ಮೊದಲಿಗೆ, ಮನೆಗಳಿರಲಿಲ್ಲ. ಕುಸಿತದ ಹತ್ತು ವರ್ಷ ಮತ್ತು ಯುದ್ಧದ ನಾಲ್ಕು ವರ್ಷ ಮನೆ ಕಟ್ಟುವ ಕೆಲಸ ಬಹುಪಾಲು ನಿಂತೇ ಹೋಗಿತ್ತು. 1944ರಲ್ಲಿ ಇಡೀ ದೇಶದಲ್ಲಿ ಶುರುವಾದ ಒಂಟಿ ಮನೆಗಳ ಸಂಖ್ಯೆ 1,14,000 ಮಾತ್ರ. ಮರಳಿದ ಸೈನಿಕ ಮದುವೆಯಾಗಿ ಅತ್ತೆ ಮಾವನ ಮನೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದ. 1947ರ ಹೊತ್ತಿಗೆ ಸುಮಾರು 60 ಲಕ್ಷ ಕುಟುಂಬಗಳು ನೆಂಟರ, ಸ್ನೇಹಿತರ ಮನೆಗಳಲ್ಲಿ ಸೇರಿಕೊಂಡಿದ್ದವು. ಇನ್ನೂ 5 ಲಕ್ಷ ಕುಟುಂಬಗಳು ಸೇನೆಯ ಅರ್ಧಗೋಳದ ತಗಡಿನ ಶೆಡ್ಡುಗಳಲ್ಲೋ ಬೇರೆ ತಾತ್ಕಾಲಿಕ ಗೂಡುಗಳಲ್ಲೋ ಇದ್ದವು. ಷಿಕಾಗೊ ನಗರದಲ್ಲಿ ಹಳೆಯ ಟ್ರಾಮ್ ಗಾಡಿಗಳನ್ನು ಮನೆಯಾಗಿ ಬಳಸಲು ಮಾರಲಾಯಿತು.

ಎರಡನೆಯದು ಬೆಲೆ. ಯುದ್ಧಕಾಲದ ಬೆಲೆ ನಿಯಂತ್ರಣ ಕಾನೂನಿನ ಅವಧಿ 1946ರ ಜೂನ್ 30ಕ್ಕೆ ಮುಗಿಯಿತು. ಬೆಲೆಗಳು ನೆಗೆದವು. ಕೆಲ ವಾರಗಳ ಬಳಿಕ ನಿಯಂತ್ರಣ ಮತ್ತೆ ಜಾರಿಗೆ ಬಂದಾಗ ದನ ಸಾಕುವವರು ಮಾರುಕಟ್ಟೆಗೆ ದನ ಕಳಿಸುವುದನ್ನೇ ನಿಲ್ಲಿಸಿದರು. ಆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮಾಂಸದಂಗಡಿಗಳು ಖಾಲಿ ಬಿದ್ದವು. ದಿನವೂ ಮಾಂಸ ತಿನ್ನುವ ದೇಶದಲ್ಲಿ ಇದು ಚುನಾವಣೆಯ ದಿಕ್ಕನ್ನೇ ತಿರುಗಿಸಿತು. ನವೆಂಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ಅವರ ಡೆಮಾಕ್ರಟಿಕ್ ಪಕ್ಷ ಸಂಸತ್ತಿನ ಎರಡೂ ಸದನಗಳನ್ನು ಕಳೆದುಕೊಂಡಿತು. 1946ರ ಮಧ್ಯದಿಂದ 1947ರ ಮಧ್ಯದವರೆಗೆ ಬೆಲೆಗಳು ಸುಮಾರು ಶೇ 18ರಷ್ಟು ಏರಿದವು.

ಮೂರನೆಯದು ಮುಷ್ಕರ. 1946ರಲ್ಲಿ 46 ಲಕ್ಷ ಕಾರ್ಮಿಕರು ಒಂದಲ್ಲ ಒಂದು ಹೊತ್ತಿನಲ್ಲಿ ಕೆಲಸ ನಿಲ್ಲಿಸಿದ್ದರು. ಅಮೆರಿಕದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಮುಷ್ಕರದ ಅಲೆ ಎದ್ದಿರಲಿಲ್ಲ. ಡೆಟ್ರಾಯಿಟ್‌ನ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ವಾಲ್ಟರ್ ರೂಥರ್ ನಾಯಕತ್ವದ ಕಾರ್ಮಿಕರು 113 ದಿನ ಹೊರಗೆ ನಿಂತರು. ಅವರ ಬೇಡಿಕೆ ಇಂದಿಗೂ ಬೆರಗು ಹುಟ್ಟಿಸುತ್ತದೆ: ಕೂಲಿ ಶೇ 30ರಷ್ಟು ಹೆಚ್ಚಬೇಕು, ಆದರೆ ಕಾರಿನ ಬೆಲೆ ಏರಬಾರದು, ಹಾಗೆ ಮಾಡಲಾಗದು ಎನ್ನುವುದಾದರೆ ಕಂಪನಿ ತನ್ನ ಲೆಕ್ಕಪುಸ್ತಕ ತೆರೆದು ತೋರಿಸಲಿ. ಕಂಪನಿ ತೋರಿಸಲಿಲ್ಲ. ಕಾರ್ಮಿಕರಿಗೆ ಗಂಟೆಗೆ ಹದಿನೆಂಟೂವರೆ ಸೆಂಟ್ ಹೆಚ್ಚು ಕೂಲಿ ಸಿಕ್ಕಿತು. ಆದರೆ ಉದ್ಯಮದ ನಿರ್ಧಾರಗಳಲ್ಲಿ ಕಾರ್ಮಿಕನಿಗೂ ಮಾತು ಇರಬೇಕು ಎಂಬ ಕನಸು ಅಲ್ಲಿಗೆ ಸೊರಗಿತು. ಮರುವರ್ಷ ಟ್ರೂಮನ್ ಅವರ ತಡೆಯನ್ನೂ ಮೀರಿ ಸಂಸತ್ತು ಟಾಫ್ಟ್–ಹಾರ್ಟ್ಲಿ ಕಾಯ್ದೆ ತಂದು ಸಂಘಗಳ ಕೈ ಕಟ್ಟಿತು.

ಹಾಗಿದ್ದರೂ ಸಂಘಗಳು ಸೋತವು ಎಂದು ಹೇಳಲಾಗದು. 1950ರಲ್ಲಿ ಅದೇ ರೂಥರ್, ಅದೇ ಕಂಪನಿಯೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡರು. ಪಿಂಚಣಿ, ಆರೋಗ್ಯ ವಿಮೆಯ ಅರ್ಧ ಖರ್ಚು, ಬೆಲೆ ಏರಿದಂತೆ ತಾನಾಗಿ ಏರುವ ಕೂಲಿ, ಎಲ್ಲವೂ ಅದರಲ್ಲಿದ್ದವು. ಇತರ ದೊಡ್ಡ ಕೈಗಾರಿಕೆಗಳೂ ಅದನ್ನೇ ಅನುಸರಿಸಿದವು. ಇಂದಿನ ಅಮೆರಿಕದಲ್ಲಿ ಆರೋಗ್ಯ ವಿಮೆ ಸರ್ಕಾರದ ಬದಲು ಉದ್ಯೋಗಕ್ಕೆ ಅಂಟಿಕೊಂಡಿರುವುದರ ಬೇರುಗಳಲ್ಲಿ ಇದೂ ಒಂದು. ನಮ್ಮ ಕಥೆಗೆ ಮುಖ್ಯವಾದದ್ದು ಇಷ್ಟು: ಮುಂದಿನ ಐದು ವರ್ಷ ತನ್ನ ಸಂಬಳ ಎಷ್ಟಿರುತ್ತದೆ ಎಂಬುದು ಕಾರ್ಖಾನೆಯ ಕಾರ್ಮಿಕನಿಗೆ ಮೊದಲೇ ಗೊತ್ತಿತ್ತು. ದೀರ್ಘಾವಧಿಯ ಸಾಲ ಪಡೆಯುವವನಿಗೆ ಬೇಕಾದದ್ದೂ ಅದೇ.

ಅವಮಾನದಿಂದ ಹುಟ್ಟಿದ ಕಾಯ್ದೆ

ಸೈನಿಕರ ಸಾಲಕ್ಕೆ ಸರ್ಕಾರ ಜಾಮೀನು ನಿಂತದ್ದು ಬರೀ ಕೃತಜ್ಞತೆಯಿಂದಲ್ಲ, ಭಯದಿಂದಲೂ ಹೌದು. ಮೊದಲ ಮಹಾಯುದ್ಧದ ಸೈನಿಕರಿಗೆ 1924ರ ಕಾಯ್ದೆಯೊಂದು ಬೋನಸ್ ಕೊಡುವುದಾಗಿ ಹೇಳಿತ್ತು, ಆದರೆ 1945ರಲ್ಲಿ. ಕುಸಿತದ ಹೊಡೆತಕ್ಕೆ ಸಿಕ್ಕಿ ಹಸಿದವರು 1932ರಲ್ಲಿ ಆ ಹಣವನ್ನು ಈಗಲೇ ಕೊಡಿ ಎಂದು ಸಾವಿರಾರು ಸಂಖ್ಯೆಯಲ್ಲಿ ವಾಷಿಂಗ್ಟನ್‌ಗೆ ನಡೆದರು. ನದಿಯ ದಡದಲ್ಲಿ ಹೆಂಡತಿ ಮಕ್ಕಳೊಂದಿಗೆ ಗುಡಿಸಲು ಹಾಕಿಕೊಂಡು ಕುಳಿತರು. ಜುಲೈ 28ರಂದು ಜನರಲ್ ಡಗ್ಲಸ್ ಮೆಕಾರ್ಥರ್ ಟ್ಯಾಂಕು, ಕುದುರೆ ದಳ, ಅಶ್ರುವಾಯುವಿನೊಂದಿಗೆ ಅವರನ್ನು ಓಡಿಸಿದ. ಗುಡಿಸಲುಗಳು ಹೊತ್ತಿ ಉರಿದವು. ದೇಶಕ್ಕಾಗಿ ಹೋರಾಡಿದವರನ್ನು ದೇಶದ ಸೇನೆಯೇ ಅಟ್ಟಿದ ಆ ಚಿತ್ರ ಒಂದಿಡೀ ಪೀಳಿಗೆಯ ರಾಜಕಾರಣಿಗಳ ಮನಸ್ಸಿನಿಂದ ಅಳಿಸಲಿಲ್ಲ. ಈ ಸಲ ಮರಳುವವರು ಲಕ್ಷಗಳಲ್ಲಿ ಅಲ್ಲ, ಕೋಟಿಯಲ್ಲಿ ಇದ್ದರು.

1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಸೈನಿಕರ ಪುನರ್ವಸತಿ ಕಾಯ್ದೆಯನ್ನು ಜನ ಕರೆದದ್ದು ಜಿ.ಐ. (ಸಾಮಾನ್ಯ ಸೈನಿಕ) ಬಿಲ್ ಎಂದು. ಕೆಲಸ ಸಿಗದವರಿಗೆ 52 ವಾರದವರೆಗೆ ವಾರಕ್ಕೆ 20 ಡಾಲರ್. ಓದುವವರಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ, ಜೊತೆಗೆ ತಿಂಗಳ ಖರ್ಚು. ಮನೆ, ಹೊಲ, ವ್ಯಾಪಾರಕ್ಕೆ ಪಡೆದ ಸಾಲಕ್ಕೆ ಸರ್ಕಾರದ ಜಾಮೀನು. ನಿರುದ್ಯೋಗ ಭತ್ಯೆಗೆಂದು ತೆಗೆದಿಟ್ಟ ಹಣದಲ್ಲಿ ಐದನೇ ಒಂದು ಭಾಗವೂ ಖರ್ಚಾಗಲಿಲ್ಲ. ಶಿಕ್ಷಣದ ಭಾಗ ಮಾತ್ರ ಎಲ್ಲರ ಲೆಕ್ಕಾಚಾರವನ್ನೂ ಮೀರಿತು. ಇದರಿಂದ ವಿಶ್ವವಿದ್ಯಾಲಯಗಳು ಅಲೆಮಾರಿಗಳ ಬಿಡಾರಗಳಾಗುತ್ತವೆ ಎಂದು ಷಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಎಚ್ಚರಿಸಿದ್ದರು. 1947ರಲ್ಲಿ ಕಾಲೇಜು ಸೇರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾಜಿ ಸೈನಿಕರೇ ಆಗಿದ್ದರು. 1956ರಲ್ಲಿ ಯೋಜನೆ ಮುಗಿಯುವಾಗ 78 ಲಕ್ಷ ಜನ ಅದರಡಿ ಓದಿದ್ದರು ಅಥವಾ ಕಸುಬು ಕಲಿತಿದ್ದರು. ಅವರಲ್ಲಿ 22 ಲಕ್ಷ ಜನ ಕಾಲೇಜು ಮೆಟ್ಟಿಲು ಹತ್ತಿದವರು. ಮನೆತನದಲ್ಲಿ ಯಾರೂ ಪ್ರೌಢಶಾಲೆ ದಾಟದವರ ಮಕ್ಕಳು ಎಂಜಿನಿಯರ್, ಶಿಕ್ಷಕ, ಲೆಕ್ಕಿಗರಾದರು.

ಕಾಯ್ದೆ ಸಿದ್ಧವಾಗುತ್ತಿದ್ದಾಗ ಅದು ಬಹುತೇಕ ಸತ್ತೇ ಹೋಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಕೆಳಮನೆಯ ಸಮಿತಿಯ ಅಧ್ಯಕ್ಷ, ಮಿಸಿಸಿಪ್ಪಿಯ ಜಾನ್ ರ್‍ಯಾಂಕಿನ್, ವಾರಕ್ಕೆ 20 ಡಾಲರ್ ಭತ್ಯೆಯನ್ನು ಕಟುವಾಗಿ ವಿರೋಧಿಸಿದ. ಆ ಹಣ ಕೈಗೆ ಬಂದರೆ ಕಪ್ಪು ವರ್ಣೀಯ ಸೈನಿಕರು ಬಿಳಿಯರ ಹೊಲಗಳಲ್ಲಿ ಅಗ್ಗದ ಕೂಲಿಗೆ ಬರುವುದಿಲ್ಲ ಎಂಬುದು ಅವನ ಚಿಂತೆ. ಎರಡು ಸದನಗಳ ಜಂಟಿ ಸಮಿತಿಯಲ್ಲಿ ಕೆಳಮನೆಯ ಸದಸ್ಯರ ಮತಗಳು ಸಮವಾಗಿ ನಿಂತವು. ಜಾರ್ಜಿಯಾದಲ್ಲಿದ್ದ ಸದಸ್ಯ ಜಾನ್ ಗಿಬ್ಸನ್ ಅವರನ್ನು ರಾತ್ರೋರಾತ್ರಿ ಹುಡುಕಿ, ವಿಮಾನದಲ್ಲಿ ತಂದು ಕೂರಿಸಿದ ಮೇಲೆ ಅವರ ಒಂದು ಮತದಿಂದ ಮಸೂದೆ ಉಳಿಯಿತು. ಆದರೆ ರ್‍ಯಾಂಕಿನ್ ಮತ್ತು ದಕ್ಷಿಣದ ಅವನ ಗೆಳೆಯರು ಇನ್ನೊಂದನ್ನು ಸಾಧಿಸಿಕೊಂಡಿದ್ದರು. ಸೌಲಭ್ಯದ ಹಣ ವಾಷಿಂಗ್ಟನ್‌ನದು. ಅದನ್ನು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವವರು ಆಯಾ ಊರಿನ ಅಧಿಕಾರಿಗಳು, ಕಾಲೇಜುಗಳು, ಬ್ಯಾಂಕುಗಳು.

ಮೂವತ್ತು ವರ್ಷದ ಸಾಲ ಎಂಬ ಯಂತ್ರ

ಈಗ ಸಾಲದ ವಿಷಯಕ್ಕೆ ಬರೋಣ. 1930ಕ್ಕೆ ಮೊದಲು ಅಮೆರಿಕದಲ್ಲಿ ಮನೆ ಕೊಳ್ಳುವುದು ಸಾಮಾನ್ಯರ ಪಾಲಿಗೆ ಗಂಡಾಂತರದ ಕೆಲಸವಾಗಿತ್ತು. ಮನೆಯ ಬೆಲೆಯ ಅರ್ಧದಷ್ಟನ್ನು ಕೈಯಿಂದ ಹಾಕಬೇಕಿತ್ತು. ಉಳಿದ ಅರ್ಧಕ್ಕೆ ಬ್ಯಾಂಕು ಮೂರು, ಐದು, ಹೆಚ್ಚೆಂದರೆ ಹತ್ತು ವರ್ಷದ ಸಾಲ ಕೊಡುತ್ತಿತ್ತು. ಆ ಅವಧಿಯುದ್ದಕ್ಕೂ ಹಲವರು ಕಟ್ಟುತ್ತಿದ್ದುದು ಬಡ್ಡಿ ಮಾತ್ರ. ಅಸಲು ಪೂರ್ತಿ ಕೊನೆಯಲ್ಲಿ ಒಮ್ಮೆಲೇ ತೀರಬೇಕು. ತೀರಿಸಲು ಸಾಮಾನ್ಯವಾಗಿ ಇನ್ನೊಂದು ಸಾಲ ಮಾಡುತ್ತಿದ್ದರು. ಕುಸಿತ ಬಂದು ಬ್ಯಾಂಕುಗಳು ಹೊಸ ಸಾಲ ನಿಲ್ಲಿಸಿದ ಕೂಡಲೇ ಇಡೀ ವ್ಯವಸ್ಥೆ ಮುರಿದು ಬಿತ್ತು. ಲಕ್ಷಾಂತರ ಕುಟುಂಬಗಳ ಮನೆಗಳು ಹರಾಜಿಗೆ ಬಂದವು.

ರೂಸ್‌ವೆಲ್ಟ್ ಸರ್ಕಾರ 1934ರಲ್ಲಿ ಕೇಂದ್ರ ವಸತಿ ಆಡಳಿತ ಎಂಬ ಸಂಸ್ಥೆಯನ್ನು ಕಟ್ಟಿತು. ಅದು ತಾನೇ ಸಾಲ ಕೊಡುತ್ತಿರಲಿಲ್ಲ. ಬ್ಯಾಂಕು ಕೊಟ್ಟ ಸಾಲಕ್ಕೆ ವಿಮೆ ಮಾಡುತ್ತಿತ್ತು: ಸಾಲಗಾರ ಕೈಚೆಲ್ಲಿದರೆ ನಷ್ಟ ನಮ್ಮದು, ಆದರೆ ಸಾಲ ನಾವು ಹೇಳಿದ ರೀತಿಯಲ್ಲಿ ಇರಬೇಕು. ಆ ರೀತಿ ಏನೆಂದರೆ ಕಡಿಮೆ ಮುಂಗಡ, 20ರಿಂದ 30 ವರ್ಷದ ಅವಧಿ, ಪ್ರತಿ ಕಂತಿನಲ್ಲೂ ಬಡ್ಡಿಯ ಜೊತೆ ಒಂದಿಷ್ಟು ಅಸಲು. ಕೊನೆಯ ಕಂತು ಕಟ್ಟಿದ ದಿನ ಮನೆ ಪೂರ್ತಿ ನಿಮ್ಮದು. ಯುದ್ಧದ ನಂತರ ಮಾಜಿ ಸೈನಿಕರ ಇಲಾಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಜಾಮೀನು ಇದ್ದವನಿಗೆ ಹಲವೆಡೆ ಮುಂಗಡವೇ ಬೇಕಿರಲಿಲ್ಲ, ಬಡ್ಡಿ ಶೇ 4.

ಒಂದು ಲೆಕ್ಕ ಮಾಡಿ ನೋಡೋಣ. 1949ರಲ್ಲಿ 7,990 ಡಾಲರ್ ಬೆಲೆಯ ಮನೆ. ಹಳೆಯ ಪದ್ಧತಿಯಲ್ಲಾದರೆ ಸುಮಾರು 4,000 ಡಾಲರ್ ಮೊದಲೇ ಬೇಕು, ಇನ್ನೊಂದು 4,000 ಕೆಲವೇ ವರ್ಷಗಳಲ್ಲಿ ಗಂಟಾಗಿ ಬೇಕು. ಆಗ ಕಾರ್ಖಾನೆಯ ಸರಾಸರಿ ಗಳಿಕೆ ವಾರಕ್ಕೆ 54 ಡಾಲರ್‌ನಷ್ಟು. ಹೊಟ್ಟೆ ಬಟ್ಟೆ ಕಟ್ಟಿದರೂ ಅಂಥವನಿಂದ ಆಗದ ಮಾತು. ಹೊಸ ಪದ್ಧತಿಯಲ್ಲಿ ಪೂರ್ತಿ 7,990 ಡಾಲರನ್ನೂ ಶೇ 4ರ ಬಡ್ಡಿಗೆ 30 ವರ್ಷಕ್ಕೆ ಹಂಚಿದರೆ ಕಂತು ತಿಂಗಳಿಗೆ 38 ಡಾಲರ್. ತೆರಿಗೆ, ವಿಮೆ ಎಲ್ಲ ಸೇರಿಸಿದರೂ ಒಂದು ವಾರದ ಸಂಬಳಕ್ಕಿಂತ ತುಸು ಹೆಚ್ಚು, ಅಷ್ಟೇ. ಹಲವು ನಗರಗಳಲ್ಲಿ ಬಾಡಿಗೆಗಿಂತ ಸ್ವಂತ ಮನೆಯೇ ಅಗ್ಗವಾಯಿತು. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಬೇರೆ. ಬಾಡಿಗೆದಾರನಿಗೆ ಆ ವಿನಾಯಿತಿ ಇರಲಿಲ್ಲ.

ಫಲ ಅಂಕಿಗಳಲ್ಲೇ ಇದೆ. 1940ರಲ್ಲಿ ಅಮೆರಿಕದ ಕುಟುಂಬಗಳಲ್ಲಿ ಶೇ 44ರಷ್ಟು ಸ್ವಂತ ಮನೆಯಲ್ಲಿದ್ದವು. 1950ರಲ್ಲಿ ಶೇ 55. 1960ರಲ್ಲಿ ಶೇ 62. ಎರಡೇ ದಶಕದಲ್ಲಿ ಬಾಡಿಗೆದಾರರ ದೇಶ ಮನೆ ಒಡೆಯರ ದೇಶವಾಯಿತು.

ಆ ಬೆಲೆಯ ಮನೆ ಕಲ್ಪನೆಯದಲ್ಲ. ನ್ಯೂಯಾರ್ಕಿಗೆ ಹತ್ತಿರದ ಲಾಂಗ್ ಐಲ್ಯಾಂಡಿನಲ್ಲಿ ವಿಲಿಯಂ ಲೆವಿಟ್ ಎಂಬ ಕಟ್ಟಡ ಉದ್ಯಮಿ 1947ರಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳನ್ನು ಕೊಂಡು ಕಟ್ಟಲಾರಂಭಿಸಿದ ಲೆವಿಟ್‌ಟೌನ್‌ನ ಬೆಲೆ ಅದು. ಕಾರ್ಖಾನೆಯಲ್ಲಿ ಕಾರು ಚಲಿಸುತ್ತದೆ, ಕೆಲಸಗಾರ ನಿಂತಲ್ಲೇ ಇರುತ್ತಾನೆ. ಇಲ್ಲಿ ಮನೆ ನಿಂತಲ್ಲೇ ಇತ್ತು, ಕೆಲಸಗಾರರ ತಂಡಗಳು ಚಲಿಸುತ್ತಿದ್ದವು. ಒಂದು ತಂಡ ಕಾಂಕ್ರೀಟು ಸುರಿದು ಮುಂದಿನ ನಿವೇಶನಕ್ಕೆ ಹೋದರೆ ಮತ್ತೊಂದು ಬಂದು ಚೌಕಟ್ಟು ನಿಲ್ಲಿಸುತ್ತಿತ್ತು; ಒಬ್ಬನ ಕೆಲಸ ಬಿಳಿ ಬಣ್ಣ ಬಳಿಯುವುದು, ಇನ್ನೊಬ್ಬನದು ಕೆಂಪು. ಮನೆ ಕಟ್ಟುವ ಕೆಲಸವನ್ನು ಸುಮಾರು 26 ಹಂತಗಳಾಗಿ ಒಡೆದಿದ್ದರು. ಭರದ ದಿನಗಳಲ್ಲಿ ದಿನಕ್ಕೆ 30 ಮನೆ ಮುಗಿಯುತ್ತಿದ್ದವು. ನೆಲಮಾಳಿಗೆ ಇಲ್ಲ, 750ರಿಂದ 800 ಚದರಡಿ, ಎರಡು ಮಲಗುವ ಕೋಣೆ, ಬಟ್ಟೆ ಒಗೆಯುವ ಯಂತ್ರ, 1950ರ ಮಾದರಿಯಲ್ಲಿ ಗೋಡೆಯೊಳಗೇ ಕೂರಿಸಿದ ಟಿ.ವಿ. 1951ರ ಹೊತ್ತಿಗೆ ಅಲ್ಲಿ 17,000ಕ್ಕೂ ಹೆಚ್ಚು ಮನೆಗಳಿದ್ದವು. ಎಲ್ಲವೂ ಒಂದೇ ಅಚ್ಚು ಎಂದು ಆಗಿನ ಪಂಡಿತರು ಮೂಗು ಮುರಿದರು. ಆ ಟೀಕೆ ನನಗೆ ಒಪ್ಪಿಗೆಯಿಲ್ಲ. ತಗಡಿನ ಶೆಡ್ಡಿನಲ್ಲಿ ಕೂಸಿಗೆ ಹಾಲೂಡಿಸಿದ ತಾಯಿಗೆ ಬಿಸಿನೀರು, ಸ್ವಂತ ಅಡುಗೆಮನೆ, ಮಗು ಆಡಲು ಅಂಗಳ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಒಂದು ಮನೆ ಮಾರಾಟವಾದರೆ ಅದರ ಹಿಂದೆ ಹತ್ತು ವ್ಯಾಪಾರಗಳು ನಡೆಯುತ್ತವೆ. ಫ್ರಿಜ್, ಒಲೆ, ಮಂಚ, ಪರದೆ, ಹುಲ್ಲು ಕತ್ತರಿಸುವ ಯಂತ್ರ. ಊರಿನಿಂದ ದೂರವಾದ್ದರಿಂದ ಕಾರು ಬೇಕೇ ಬೇಕು. ಕಾರು ಬಂದರೆ ರಸ್ತೆ ಬೇಕು: 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆ 41,000 ಮೈಲಿ ಹೆದ್ದಾರಿಗೆ ಮಂಜೂರಾತಿ ಕೊಟ್ಟಿತು, ಖರ್ಚಿನ ಶೇ 90 ಕೇಂದ್ರದ್ದು. ಅದೇ ವರ್ಷ ಮಿನೆಸೋಟಾದಲ್ಲಿ ಸೌತ್‌ಡೇಲ್ ಎಂಬ ಚಾವಣಿಯಡಿಯ ಹವಾನಿಯಂತ್ರಿತ ಮಾಲ್ ತೆರೆಯಿತು. 1950ರಲ್ಲಿ ಶೇ 9ರಷ್ಟು ಮನೆಗಳಲ್ಲಿದ್ದ ಟಿ.ವಿ. 1960ಕ್ಕೆ ಹತ್ತರಲ್ಲಿ ಒಂಬತ್ತರ ಸಮೀಪ ಮನೆಗಳಿಗೆ ತಲುಪಿತು. 1946ರಿಂದ 1964ರವರೆಗೆ ಸುಮಾರು 7.6 ಕೋಟಿ ಮಕ್ಕಳು ಹುಟ್ಟಿದರು. ಅವರಿಗೆ ಶಾಲೆ, ಶಿಕ್ಷಕರು, ವೈದ್ಯರು ಬೇಕಾದರು. ಈ ಎಲ್ಲ ಕೊಳ್ಳುವಿಕೆಯ ತುದಿಯನ್ನು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಆ ಜಾಮೀನು ಪತ್ರವೇ.

ರುಜು ಸಿಗದವರು

ಲೆವಿಟ್‌ಟೌನ್‌ನ ಮೊದಲ ಬಾಡಿಗೆ ಕರಾರುಗಳಲ್ಲಿ ಒಂದು ಷರತ್ತು ಇತ್ತು. ಬಿಳಿಯರಲ್ಲದ ಯಾರೂ ಈ ಮನೆಯನ್ನು ಬಳಸುವಂತಿಲ್ಲ, ವಾಸಿಸುವಂತಿಲ್ಲ. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಇದು ಒಬ್ಬ ಉದ್ಯಮಿಯ ಕೆಟ್ಟ ಬುದ್ಧಿ ಎಂದು ತಳ್ಳಿಹಾಕಿದರೆ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ಹೀಗೆ ಮಾಡಿ ಎಂದು ಹೇಳಿದ್ದು ಸರ್ಕಾರ. ಕೇಂದ್ರ ವಸತಿ ಆಡಳಿತದ ಕೈಪಿಡಿ, ಬೇರೆ ಬೇರೆ ಜನಾಂಗಗಳು ಬೆರೆತ ಬಡಾವಣೆಯಲ್ಲಿ ಮನೆಯ ಬೆಲೆ ಕುಸಿಯುತ್ತದೆ ಎಂದು ಭಾವಿಸಿ, ಜನಾಂಗದ ಮೇಲೆ ನಿರ್ಬಂಧ ಹಾಕುವ ಕರಾರುಗಳನ್ನು ಶಿಫಾರಸು ಮಾಡುತ್ತಿತ್ತು. 1930ರ ದಶಕದಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ಬಿಡಿಸಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಕೊಟ್ಟಿತ್ತು. ಕಪ್ಪು ವರ್ಣೀಯರು ಇದ್ದ ಕಡೆಗೆಲ್ಲ ಸಾಮಾನ್ಯವಾಗಿ ಬಿದ್ದದ್ದು ಕೆಂಪು, ಅಂದರೆ ಸಾಲಕ್ಕೆ ಅಪಾಯಕಾರಿ ಜಾಗ.

ಡೆಟ್ರಾಯಿಟ್ ನಗರದಲ್ಲಿ ಇದಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಇದೆ. ಅಲ್ಲಿ ಎಂಟು ಮೈಲಿ ರಸ್ತೆಯ ಹತ್ತಿರ ಒಬ್ಬ ಉದ್ಯಮಿ ಬಿಳಿಯರಿಗಾಗಿ ಬಡಾವಣೆ ಕಟ್ಟಲು ಹೊರಟ. ಪಕ್ಕದಲ್ಲಿ ಕಪ್ಪು ವರ್ಣೀಯರ ಕೇರಿ ಇದ್ದುದರಿಂದ ಸರ್ಕಾರದ ಸಾಲವಿಮೆ ಸಿಗಲಿಲ್ಲ. 1941ರಲ್ಲಿ ಆತ ನಡುವೆ ಆರು ಅಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ವಿಮೆ ಮಂಜೂರಾಯಿತು. ಗೋಡೆ ಇಂದಿಗೂ ನಿಂತಿದೆ.

ಸೈನಿಕರ ಸಾಲದಲ್ಲೂ ಇದೇ ಕಥೆ. ಕಾಯ್ದೆಯ ಅಕ್ಷರದಲ್ಲಿ ಎಲ್ಲೂ ಬಣ್ಣದ ಮಾತಿಲ್ಲ. ಜಾಮೀನು ಎಲ್ಲ ಸೈನಿಕರಿಗೂ ಸಮಾನ. ಆದರೆ ಜಾಮೀನು ಕೆಲಸ ಮಾಡಬೇಕಾದರೆ ಮೊದಲು ಊರಿನ ಬ್ಯಾಂಕು ಸಾಲ ಕೊಡಲು ಒಪ್ಪಬೇಕು. ಮಿಸಿಸಿಪ್ಪಿಯ 13 ನಗರಗಳಲ್ಲಿ 1947ರಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ ಸರ್ಕಾರದ ಜಾಮೀನಿನಡಿ ಮಂಜೂರಾದ 3,229 ಸಾಲಗಳಲ್ಲಿ ಕಪ್ಪು ವರ್ಣೀಯ ಸೈನಿಕರಿಗೆ ಸಿಕ್ಕಿದ್ದು ಎರಡು. ರ್‍ಯಾಂಕಿನ್ ಬಯಸಿದ ಸ್ಥಳೀಯ ಅಧಿಕಾರ ಎಂದರೆ ಇದೇ. ದಕ್ಷಿಣದ ಬಹುತೇಕ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ; ಕಪ್ಪು ವರ್ಣೀಯರ ಕಾಲೇಜುಗಳಲ್ಲಿ ಬಂದವರಿಗೆಲ್ಲ ಜಾಗವಿರಲಿಲ್ಲ.

ಅವರ ಮೈಮೇಲಿನ ಸಮವಸ್ತ್ರಕ್ಕೂ ಬೆಲೆಯಿರಲಿಲ್ಲ. 1946ರ ಫೆಬ್ರುವರಿಯಲ್ಲಿ ಸೇನೆಯಿಂದ ಬಿಡುಗಡೆಯಾಗಿ ಕೆಲವೇ ಗಂಟೆಗಳಾಗಿದ್ದ ಸಾರ್ಜೆಂಟ್ ಐಸಾಕ್ ವುಡರ್ಡ್ ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದರು. ಚಾಲಕನೊಂದಿಗೆ ಮಾತಿಗೆ ಮಾತು ಬೆಳೆಯಿತು. ದಕ್ಷಿಣ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ ಅವರನ್ನು ಬಸ್ಸಿನಿಂದ ಇಳಿಸಲಾಯಿತು. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಹೊಡೆದು ಅವರ ಎರಡೂ ಕಣ್ಣು ತೆಗೆದ. ಬಿಳಿಯರೇ ಇದ್ದ ಜ್ಯೂರಿ ಆತನನ್ನು ನಿರ್ದೋಷಿ ಎಂದಿತು. ಈ ಘಟನೆ ಟ್ರೂಮನ್ ಅವರನ್ನು ಅಲುಗಾಡಿಸಿತು. 1948ರ ಜುಲೈ 26ರಂದು ಸೇನೆಯಲ್ಲಿ ವರ್ಣಭೇದ ಕೊನೆಗಾಣಿಸುವ ಆದೇಶಕ್ಕೆ ಅವರು ಸಹಿ ಹಾಕಿದರು.

ಅದೇ ವರ್ಷ ಸುಪ್ರೀಂ ಕೋರ್ಟ್, ಜನಾಂಗದ ನಿರ್ಬಂಧವಿರುವ ಮನೆ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕಾಗದದ ಷರತ್ತು ಹೋಯಿತು, ಪದ್ಧತಿ ಉಳಿಯಿತು. ಪೆನ್ಸಿಲ್ವೇನಿಯಾದ ಎರಡನೆಯ ಲೆವಿಟ್‌ಟೌನ್‌ಗೆ 1957ರ ಆಗಸ್ಟ್‌ನಲ್ಲಿ ಮಾಜಿ ಸೈನಿಕ ವಿಲಿಯಂ ಮೈಯರ್ಸ್, ಹೆಂಡತಿ ಡೇಸಿ ಮತ್ತು ಮಕ್ಕಳು ಬಂದರು. ಮನೆಯನ್ನು ಅವರಿಗೆ ಮಾರಿದ್ದು ಲೆವಿಟ್ ಅಲ್ಲ, ಹಿಂದಿನ ಮಾಲೀಕ. ನೂರಾರು ಜನ ಮನೆಯ ಮುಂದೆ ನೆರೆದು ಕೂಗಾಡಿದರು, ಕಲ್ಲು ತೂರಿದರು. ರಾಜ್ಯದ ಪೊಲೀಸರು ಬರಬೇಕಾಯಿತು. ಮೈಯರ್ಸ್ ಕುಟುಂಬ ಕದಲಲಿಲ್ಲ.

ಇಷ್ಟರಲ್ಲಿ ನಗರಗಳೊಳಗೆ ಉಳಿದವರ ಗತಿ ಇನ್ನೊಂದು. ಉಪನಗರದ ಬಿಳಿಯ ಉದ್ಯೋಗಿಗಳು ಪೇಟೆಗೆ ಬೇಗ ತಲುಪಲೆಂದು ಹೆದ್ದಾರಿಗಳನ್ನು ಬಡವರ ಕೇರಿಗಳ ಎದೆಯ ಮೇಲೆ ಹಾಯಿಸಿದರು. ಡೆಟ್ರಾಯಿಟ್‌ನ ಪ್ಯಾರಡೈಸ್ ವ್ಯಾಲಿ, ಬ್ಲ್ಯಾಕ್ ಬಾಟಮ್ ಎಂಬ ಬಡಾವಣೆಗಳು, ಅಲ್ಲಿದ್ದ ಕಪ್ಪು ವರ್ಣೀಯರ ಅಂಗಡಿ, ಹೋಟೆಲು, ಸಂಗೀತದ ತಾಣಗಳ ಸಮೇತ, ಹೀಗೆಯೇ ಅಳಿದುಹೋದವು.

ಹೆಂಗಸರ ಲೆಕ್ಕ

ಯುದ್ಧದ ಉತ್ತುಂಗದಲ್ಲಿ ಸುಮಾರು 1.9 ಕೋಟಿ ಹೆಂಗಸರು ದುಡಿಯುತ್ತಿದ್ದರು. ಗಂಡಸರು ಮರಳಿದಾಗ ಹಡಗುಕಟ್ಟೆ, ವಿಮಾನ ಕಾರ್ಖಾನೆಗಳಿಂದ ಮೊದಲು ಹೊರಬಿದ್ದವರು ಅವರೇ. ದುಡಿಯುವ ತಾಯಂದಿರಿಗೆಂದು ಕೇಂದ್ರದ ಹಣದಲ್ಲಿ ನಡೆಯುತ್ತಿದ್ದ ಶಿಶುವಿಹಾರಗಳ ಅನುದಾನ 1946ರಲ್ಲಿ ನಿಂತಿತು. 1948ರ ತೆರಿಗೆ ಕಾಯ್ದೆ ಗಂಡನ ಆದಾಯವನ್ನು ಇಬ್ಬರಿಗೂ ಹಂಚಿ ಲೆಕ್ಕ ತೋರಿಸಲು ಅವಕಾಶ ಕೊಟ್ಟಿತು. ಇದರಿಂದ ಒಬ್ಬನೇ ಗಳಿಸುವ ಸಂಸಾರಕ್ಕೆ ಲಾಭ. ಹೆಂಡತಿ ದುಡಿದರೆ ಅವಳ ಮೊದಲ ಡಾಲರೂ ಗಂಡನ ತೆರಿಗೆ ದರದಲ್ಲೇ ಕರಗುತ್ತಿತ್ತು. ಬ್ಯಾಂಕುಗಳು ಸಾಲದ ಅರ್ಹತೆ ಅಳೆಯುವಾಗ ಹೆಂಡತಿಯ ಸಂಬಳವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ: ನಾಳೆ ಬಸುರಿಯಾಗಿ ಕೆಲಸ ಬಿಡುತ್ತಾಳೆ ಎಂಬ ತರ್ಕ. ಈ ತಾರತಮ್ಯ ಕಾನೂನುಬಾಹಿರವಾದದ್ದು 1974ರಲ್ಲಿ.

ಗೃಹಿಣಿಯ ಆದರ್ಶ ಪತ್ರಿಕೆ, ಟಿ.ವಿ.ಗಳಲ್ಲಿ ಮೆರೆಯುತ್ತಿದ್ದಾಗಲೇ ಹೆಂಗಸರು ಮತ್ತೆ ಕೆಲಸಕ್ಕೆ ಹೊರಟಿದ್ದರು. 1960ರ ಹೊತ್ತಿಗೆ ದುಡಿಯುವ ಹೆಂಗಸರ ಸಂಖ್ಯೆ ಯುದ್ಧಕಾಲದ ಗರಿಷ್ಠವನ್ನೂ ದಾಟಿತ್ತು. ಆದರೆ ಈಗ ಅವರಿಗೆ ಸಿಕ್ಕಿದ್ದು ಬೆಸುಗೆಯ ಕೈಗವಸಲ್ಲ. ಬೆರಳಚ್ಚು ಯಂತ್ರ, ಅಂಗಡಿಯ ಗಲ್ಲಾ, ಆಸ್ಪತ್ರೆಯ ವಾರ್ಡು, ಶಾಲೆಯ ತರಗತಿ. ಎರಡನೆಯ ಸಂಬಳವಿಲ್ಲದೆ ಹೊಸ ಮಧ್ಯಮ ವರ್ಗದ ಎಷ್ಟೋ ಮನೆಗಳ ಕಂತು ತೀರುತ್ತಿರಲಿಲ್ಲ.

ಸಾಲ, ಮನೆ, ಸಂಸಾರ ಇವೆಲ್ಲಕ್ಕೂ ಆಗ ರಾಜಕೀಯದ ಅರ್ಥವೂ ಅಂಟಿಕೊಂಡಿತ್ತು. 1947ರಲ್ಲಿ ಟ್ರೂಮನ್ ಸರ್ಕಾರಿ ನೌಕರರ ನಿಷ್ಠೆಯ ತನಿಖೆಗೆ ಆದೇಶಿಸಿದರು. 1950ರಿಂದ ಸೆನೆಟರ್ ಜೋಸೆಫ್ ಮೆಕಾರ್ಥಿ ಎಲ್ಲೆಡೆ ಕಮ್ಯುನಿಸ್ಟರನ್ನು ಹುಡುಕತೊಡಗಿದ. ಸಾವಿರಾರು ಶಿಕ್ಷಕರು, ಕಲಾವಿದರು, ಕಾರ್ಮಿಕ ನಾಯಕರು ಕೆಲಸ ಕಳೆದುಕೊಂಡರು. ಸ್ವಂತ ಮನೆ, ನಿವೇಶನ ಇರುವವನು ಕಮ್ಯುನಿಸ್ಟ್ ಆಗಲಾರ, ಅವನಿಗೆ ಮಾಡಲು ಬೇಕಾದಷ್ಟು ಕೆಲಸವಿರುತ್ತದೆ ಎಂದು ಲೆವಿಟ್ ಹೇಳಿದ್ದು ಆ ಗಾಳಿಯಲ್ಲೇ.

ಭಾರತೀಯರಿಗೆ ಈ ಕಥೆಯಲ್ಲಿ ಜಾಗ ತಡವಾಗಿ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ಇದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ಬಿಳಿಯರಲ್ಲ ಎಂಬ ಕಾರಣಕ್ಕೆ 1923ರಲ್ಲಿ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತ್ತು. 1946ರ ಜುಲೈ 2ರಂದು ಬಂದ ಲೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟಿತು. ವಲಸೆಗೆ ಇಡೀ ದೇಶಕ್ಕೆ ಸೇರಿ ವರ್ಷಕ್ಕೆ 100 ಜನರ ಮಿತಿ. ಆ ಮಿತಿ ಮುರಿದದ್ದು 1965ರ ವಲಸೆ ಕಾಯ್ದೆಯಿಂದ. ಮನೆ ಮಾರಾಟ, ಬಾಡಿಗೆಗಳಲ್ಲಿ ಜನಾಂಗದ ತಾರತಮ್ಯವನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವಾರದೊಳಗೆ. ಬೆಂಗಳೂರು, ಮೈಸೂರು, ಧಾರವಾಡಗಳಿಂದ ಅದರ ನಂತರ ಹೋಗಿ ನ್ಯೂಜೆರ್ಸಿಯಲ್ಲೋ ಷಿಕಾಗೊದ ಹೊರವಲಯದಲ್ಲೋ ಮೂವತ್ತು ವರ್ಷದ ಸಾಲದ ಮೇಲೆ ಮನೆ ಕೊಂಡ ಕನ್ನಡಿಗ ವೈದ್ಯರು, ಎಂಜಿನಿಯರುಗಳು ಕಾಲಿಟ್ಟದ್ದು ಕಪ್ಪು ವರ್ಣೀಯರ ಹೋರಾಟ ತೆರೆದಿಟ್ಟ ಬಾಗಿಲಿನಿಂದ. ಇದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

1968ರ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. 1949ರಲ್ಲಿ 7,990 ಡಾಲರಿಗೆ ಮನೆ ಕೊಂಡವರ ಆಸ್ತಿಯ ಬೆಲೆ ಅಷ್ಟರಲ್ಲಿ ಸಾಕಷ್ಟು ಏರಿತ್ತು. ಅಂಥವರು ಮನೆಯ ಮೇಲೆ ಸಾಲ ಎತ್ತಿ ಮಕ್ಕಳನ್ನು ಓದಿಸಿದರು, ಸತ್ತಾಗ ಮನೆಯನ್ನು ಮಕ್ಕಳಿಗೆ ಬಿಟ್ಟರು. ಬಾಗಿಲು ತೆರೆದಾಗ ಹೊಸದಾಗಿ ಒಳಬಂದವರು ಏರಿದ ಬೆಲೆ ಕೊಟ್ಟೇ ಬರಬೇಕಿತ್ತು, ಹಿಂದಿನ ಪೀಳಿಗೆ ಬಿಟ್ಟುಹೋದ ಗಂಟಿಲ್ಲದೆ. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ಬಿಳಿಯ ಕುಟುಂಬವೊಂದರ ಮಧ್ಯಮ ಸಂಪತ್ತು (ಅರ್ಧದಷ್ಟು ಕುಟುಂಬಗಳು ಇದಕ್ಕಿಂತ ಮೇಲೆ, ಉಳಿದರ್ಧ ಕೆಳಗೆ) ಸುಮಾರು 2,85,000 ಡಾಲರ್, ಕಪ್ಪು ವರ್ಣೀಯ ಕುಟುಂಬದ್ದು ಸುಮಾರು 45,000. ಈ ಆರು ಪಟ್ಟು ಅಂತರಕ್ಕೆ ಕಾರಣಗಳು ಹಲವು, ಆದರೆ ಮನೆಯ ಸಾಲದ ಈ ಚರಿತ್ರೆಯನ್ನು ಬಿಟ್ಟು ಅದನ್ನು ವಿವರಿಸಲಾಗದು.

ಆ ಲೆಕ್ಕವನ್ನು ಸರಿಪಡಿಸುವ ಪ್ರಯತ್ನವೂ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಕಪ್ಪು ವರ್ಣೀಯ ಸೈನಿಕರ ವಂಶಸ್ಥರಿಗೆ ಅಂದು ತಪ್ಪಿಹೋದ ಮನೆ ಸಾಲದ ಜಾಮೀನು ಮತ್ತು ಶಿಕ್ಷಣದ ನೆರವನ್ನು ಈಗ ಕೊಡಬೇಕು ಎಂಬ ಮಸೂದೆ 2021ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು, 2023ರಲ್ಲಿ ಮತ್ತೆ ಬಂತು. ಅದಕ್ಕೆ ಇಬ್ಬರು ಸೈನಿಕರ ಹೆಸರಿಡಲಾಗಿದೆ. ಒಬ್ಬರು ಕಣ್ಣು ಕಳೆದುಕೊಂಡ ಐಸಾಕ್ ವುಡರ್ಡ್. ಇನ್ನೊಬ್ಬರು ಜೋಸೆಫ್ ಮ್ಯಾಡಾಕ್ಸ್. ಹಾರ್ವರ್ಡ್‌ನಲ್ಲಿ ಪ್ರವೇಶ ಸಿಕ್ಕಿದ್ದರೂ, ಹೀಗೆ ಕೊಟ್ಟರೆ ಮುಂದೆ ಉಳಿದವರೂ ಕೇಳುತ್ತಾರೆ ಎಂದು ಹೇಳಿ ಅವರ ಊರಿನ ಕಚೇರಿ ಶುಲ್ಕದ ನೆರವನ್ನು ನಿರಾಕರಿಸಿತ್ತು.